ಲಾರಿ ಪಟ್ಟಿಯ ಕತ್ತಿಯಲ್ಲಿ ಮೆತ್ತನೆಯ ಕಲೆಗಳು: ಕಾದ ಉಕ್ಕನ್ನು ಎಣ್ಣೆ ತಣಿಸುವ ಬಗೆ ಹೇಗೆ?

ಅರೇಹಳ್ಳಿ ಕುಲುಮೆ:

ಎಲ್ಲರಿಗೂ ನಮಸ್ಕಾರ. ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆ ನಮ್ಮ ತಂದೆಯವರ ಕಾಲದಿಂದಲೂ ನಡೆದುಬಂದ ಕುಲುಮೆ ನಮ್ಮದು. ಕಾಫಿ ತೋಟದವರಿಗೆ ಬೇಕಾದ ಮರಗಸಿ ಕತ್ತಿ, ಕಳೆ ಕತ್ತಿ, ಮಚ್ಚುಗಳನ್ನು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿಕೊಡುತ್ತೇವೆ. ತಂದೆಯವರು ಕತ್ತಿಯ ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಹದ ಕೊಡುತ್ತಿದ್ದರು. ಅವರ ಕೈಗೆ ಅದು ಒಗ್ಗಿತ್ತು. ನಾನು ನೀರಿಗೆ ಬಿಟ್ಟ ಐದು ಕತ್ತಿಗಳಲ್ಲಿ ಎರಡು 'ಟಿಣ್' ಎಂದು ಸೀಳಿದ ಮೇಲೆ ಗ್ಯಾರೇಜಿನಿಂದ ಹಳೆಯ ಎಂಜಿನ್ ಆಯಿಲ್ ತಂದು ಅದಕ್ಕೆ ಅದ್ದತೊಡಗಿದೆ. ಈಗ ಸೀಳುವುದು ನಿಂತಿದೆ. ಆದರೆ ಅರದಿಂದ ಉಜ್ಜಿ ನೋಡಿದರೆ ತುದಿಯಲ್ಲಿ ಅರ ಜಾರುತ್ತದೆ, ಅಲಗಿನ ನಡುವೆ ಎರಡು ಬೆರಳಗಲದ ಜಾಗಗಳಲ್ಲಿ ಕಚ್ಚುತ್ತದೆ. ಒಣಗಿದ ಸಿಲ್ವರ್ ಓಕ್ ಗಂಟಿಗೆ ಹೊಡೆದಾಗ ಅಲ್ಲಿಯೇ ಬಾಯಿ ಮಡಚಿಕೊಳ್ಳುತ್ತದೆ. ಒಂದೇ ಅಲಗು, ಒಂದೇ ಕಾವು, ಒಂದೇ ಎಣ್ಣೆ. ಹೀಗಿರುವಾಗ ಹದ ಒಂದೇ ಸಮ ಏಕೆ ಕೂರುವುದಿಲ್ಲ? ಎಣ್ಣೆ ಬಿಸಿ ಉಕ್ಕನ್ನು ನಿಜವಾಗಿ ಹೇಗೆ ತಣಿಸುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ಉತ್ತರಿಸುವ ಮೊದಲು ಎರಡು ಪ್ರಶ್ನೆಗಳಿವೆ. ಮೆತ್ತಗಿರುವ ಜಾಗ ಇಕ್ಕಳ ಹಿಡಿದ ಜಾಗವೇ? ಕಿಟ್ಟ ದಪ್ಪವಾಗಿ ಅಂಟಿಕೊಂಡಿದ್ದ ಜಾಗವೇ? ಇನ್ನೊಂದು ವಿಷಯ: ಕುಲುಮೆಯಲ್ಲಿ ಬಹಳ ಹೊತ್ತು ಕಾದ ಉಕ್ಕಿನ ಮೇಲ್ಪದರದಲ್ಲಿ ಇಂಗಾಲ ಸುಟ್ಟುಹೋಗಿ ಆ ಪದರವಷ್ಟೇ ಮೆತ್ತಗಾಗಿರುವುದೂ ಉಂಟು. ಆ ಜಾಗವನ್ನು ಸಾಣೆಗೆ ಹಿಡಿದು ಕೂದಲೆಳೆಯಷ್ಟು ತೆಗೆದು ಮತ್ತೆ ಅರ ಹಾಕಿ ನೋಡಿ. ಒಳಗೆ ಅರ ಜಾರಿದರೆ ತಪ್ಪು ಎಣ್ಣೆಯದಲ್ಲ.

ಅರೇಹಳ್ಳಿ ಕುಲುಮೆ:

ನೋಡಿದೆ ಸರ್. ಸಾಣೆ ಹಿಡಿದ ಮೇಲೂ ಅರ ಕಚ್ಚುತ್ತದೆ. ಇಕ್ಕಳವನ್ನು ನಾನು ಹಿಡಿಯ ಭಾಗದಲ್ಲಿ ಹಿಡಿಯುತ್ತೇನೆ. ಕಲೆಗಳು ನಡು ಅಲಗಿನಲ್ಲಿವೆ. ಎಣ್ಣೆಗೆ ಬಿಟ್ಟ ಮೇಲೆ ಅಲಗು ಬಾಗಬಾರದೆಂದು ಅಲುಗಾಡಿಸದೆ ಹಿಡಿದಿರುತ್ತೇನೆ. ಎಣ್ಣೆ ಸುಮಾರು ಆರು ಲೀಟರ್ ಇದೆ. ಹದ ಕೊಡುವ ಕೆಲಸವನ್ನು ಬೆಳಗಿನ ಜಾವ ಕತ್ತಲಿರುವಾಗಲೇ ಮಾಡುತ್ತೇನೆ. ಬೆಳಕಿನಲ್ಲಿ ಉಕ್ಕಿನ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ನೀವು ಕೊಟ್ಟ ವಿವರದಲ್ಲೇ ಉತ್ತರ ಅಡಗಿದೆ. ತಣ್ಣಗಿನ ಮಂದ ಎಣ್ಣೆ, ಅಲುಗದ ಅಲಗು. ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಎಣ್ಣೆ ಬದಲಿಸುತ್ತಾ ಹೋದರೆ ವರ್ಷಗಳೇ ಕಳೆಯುತ್ತವೆ.

ದೋಸೆ ಹಂಚು ಹದವಾಗಿ ಕಾದಾಗ ನೀರು ಚಿಮುಕಿಸಿದರೆ 'ಚುಂಯ್' ಎಂದು ಆ ಕ್ಷಣವೇ ಆರಿಹೋಗುತ್ತದೆ. ಹಂಚು ಮಿತಿಮೀರಿ ಕಾದಿದ್ದರೆ ಅದೇ ಹನಿ ಮುತ್ತಿನಂತೆ ದುಂಡಗಾಗಿ ಹಂಚಿನ ಮೇಲೆ ಉರುಳಾಡುತ್ತಾ ಬಹಳ ಹೊತ್ತು ಉಳಿಯುತ್ತದೆ. ಹೆಚ್ಚು ಕಾದ ಹಂಚಿನ ಮೇಲೆ ನೀರು ನಿಧಾನವಾಗಿ ಆರುವುದು ವಿಚಿತ್ರವೆನಿಸಬಹುದು. ಕಾರಣವಿಷ್ಟೇ, ಹನಿಯ ಅಡಿಯಲ್ಲಿ ಹುಟ್ಟಿದ ಆವಿಯೇ ತೆಳು ಹಾಸಿಗೆಯಾಗಿ ನೀರನ್ನು ಹಂಚಿಗೆ ತಾಗಗೊಡುವುದಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ ಕಾರಣ ಈ ವಿದ್ಯಮಾನಕ್ಕೆ ಅವನ ಹೆಸರೇ ನಿಂತಿದೆ. ನಿಮ್ಮ ಬಕೆಟ್ಟಿನಲ್ಲಿ ನಡೆಯುತ್ತಿರುವುದೂ ಇದೇ.

ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಅಲಗು ಎಣ್ಣೆಗೆ ಇಳಿದ ಕೂಡಲೇ ಅದಕ್ಕೆ ತಾಗಿದ ಎಣ್ಣೆ ಆವಿಯಾಗಿ ಅಲಗಿನ ಸುತ್ತ ಹೊದಿಕೆಯಂತೆ ನಿಲ್ಲುತ್ತದೆ. ಆವಿ ಶಾಖವನ್ನು ಬಹಳ ಕಡಿಮೆ ಸಾಗಿಸುವುದರಿಂದ ಈ ಮೊದಲ ಹಂತದಲ್ಲಿ ಉಕ್ಕು ಎಣ್ಣೆಯೊಳಗಿದ್ದರೂ ನಿಧಾನವಾಗಿಯೇ ತಣಿಯುತ್ತದೆ. ಮೈಯ ಉಷ್ಣತೆ ಒಂದು ಮಟ್ಟಕ್ಕೆ ಇಳಿದಾಗ ಹೊದಿಕೆ ಹರಿಯುತ್ತದೆ, ಎಣ್ಣೆ ಉಕ್ಕಿಗೆ ನೇರವಾಗಿ ತಾಗಿ ಕುದಿಯತೊಡಗುತ್ತದೆ, ಪ್ರತಿಯೊಂದು ಗುಳ್ಳೆಯೂ ಶಾಖವನ್ನು ಹೊತ್ತೊಯ್ಯುತ್ತದೆ. ಇದು ಎರಡನೆಯ ಹಂತ; ತಣಿಯುವಿಕೆಯ ವೇಗ ಇಲ್ಲಿ ಶಿಖರ ಮುಟ್ಟುತ್ತದೆ. ಉಕ್ಕಿನ ಮೈ ಎಣ್ಣೆಯ ಕುದಿಯುವ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಗುಳ್ಳೆಗಳು ನಿಂತು, ಬಿಸಿ ಎಣ್ಣೆ ಮೇಲೇರಿ ತಣ್ಣನೆಯ ಎಣ್ಣೆ ಕೆಳಗಿನಿಂದ ಬರುವ ಚಲನೆಯೊಂದೇ ಉಳಿಯುತ್ತದೆ. ಮೂರನೆಯ ಈ ಹಂತ ಮತ್ತೆ ನಿಧಾನ.

ಹೊದಿಕೆ ಇಡೀ ಅಲಗಿನ ಮೇಲೆ ಏಕಕಾಲಕ್ಕೆ ಹರಿಯುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಿ. ತೆಳುವಾದ ತುದಿ ಮತ್ತು ಅಂಚುಗಳಲ್ಲಿ ಮೊದಲು ಹರಿದು, ಎಣ್ಣೆ ತಾಗಿದ ಗಡಿರೇಖೆ ಅಲ್ಲಿಂದ ನಿಧಾನವಾಗಿ ನಡುವಿನತ್ತ ಸಾಗುತ್ತದೆ. ನಿಮ್ಮ ಕತ್ತಿಯ ತುದಿ ಗಟ್ಟಿಯಾಗಿ ನಡು ಮೆತ್ತಗಾದದ್ದು ಹೀಗೆ. ಉಕ್ಕು 550 ಡಿಗ್ರಿಯ ಆಸುಪಾಸಿನಲ್ಲಿ ತಡಮಾಡಿದರೆ ಒಳಗೆ ಪರ್ಲೈಟ್ ಎಂಬ ಮೆತ್ತನೆಯ ರಚನೆ ಕಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಬೇಗ ತಣಿಸಿದರೂ ಅದು ಮಾರ್ಟೆನ್ಸೈಟ್ ಎಂಬ ಗಟ್ಟಿ ರಚನೆ ಆಗುವುದಿಲ್ಲ. ಇಂಗಾಲ ಮಾತ್ರವಿರುವ ಸಾದಾ ಉಕ್ಕಿನಲ್ಲಿ ಆ ಗಂಡಾಂತರದ ಮೂಲೆಯನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲಿ ದಾಟಬೇಕು. ಕ್ರೋಮಿಯಂ ಬೆರೆತ ಸ್ಪ್ರಿಂಗ್ ಪಟ್ಟಿಯಲ್ಲಿ ಹಲವು ಸೆಕೆಂಡುಗಳ ಬಿಡುವು ಸಿಗುತ್ತದೆ, ಹಾಗಾಗಿಯೇ ಅದಕ್ಕೆ ಎಣ್ಣೆ ಸಾಕು. ಆದರೆ ಹೊದಿಕೆ ಆ ಬಿಡುವನ್ನೆಲ್ಲ ತಿಂದುಹಾಕಿದರೆ ಯಾವ ಪಟ್ಟಿಯೂ ಕೈಹಿಡಿಯದು.

ಕಡೂರಿನ ಕಮ್ಮಾರರು:

ಮೇಷ್ಟ್ರೇ, ನಮಸ್ಕಾರ. ಐವತ್ತು ವರ್ಷದಿಂದ ಕುಲುಮೆ ಮುಂದೆ ಕೂತವನು ನಾನು. ನಮ್ಮ ತಂದೆಯವರು ಹಾರೆ, ಪಿಕಾಸಿಗಳಿಗೆ ಹದ ಕೊಡುವಾಗ ದೋಣಿಯ ನೀರಿಗೆ ಹಿಡಿ ಹಿಡಿ ಉಪ್ಪು ಹಾಕುತ್ತಿದ್ದರು. ಉಪ್ಪು ಹಾಕಿದರೆ ಹದ ಒಂದೇ ಸಮ ಕೂರುತ್ತದೆ ಎಂಬುದು ಅವರ ಅನುಭವ. ನೀವು ಹೇಳಿದ ಹೊದಿಕೆಗೂ ಇದಕ್ಕೂ ಸಂಬಂಧವಿದೆಯೇ? ಹಾಗಿದ್ದರೆ ಈ ಹುಡುಗನಿಗೆ ಎಣ್ಣೆಯ ಗೊಡವೆ ಬೇಡ, ಉಪ್ಪುನೀರು ಸಾಕಲ್ಲವೇ?

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ಆಚಾರ್ರೇ, ನಿಮ್ಮ ತಂದೆಯವರು ಕಂಡುಕೊಂಡದ್ದು ಸರಿಯಾಗಿಯೇ ಇದೆ. ಉಕ್ಕಿನ ಮೈ ಹತ್ತಿರ ನೀರು ಆವಿಯಾದಾಗ ಉಪ್ಪಿನ ಹರಳುಗಳು ಅಲ್ಲಿ ಕೂತು ಸಿಡಿಯುತ್ತವೆ, ಆ ಸಿಡಿತ ಹೊದಿಕೆಯನ್ನು ಛಿದ್ರ ಮಾಡುತ್ತದೆ. ನೂರಕ್ಕೆ ಹತ್ತು ಪಾಲು ಉಪ್ಪಿರುವ ನೀರು ಬರಿಯ ನೀರಿಗಿಂತ ವೇಗವಾಗಿ ಮತ್ತು ಸಮನಾಗಿ ತಣಿಸುತ್ತದೆ. ಹಾರೆಯ ತುದಿಗೆ ಅದು ತಕ್ಕದ್ದೇ.

ಆದರೆ ಕತ್ತಿಗೆ ನಾನು ಒಪ್ಪಲಾರೆ. ನೀರಿನಲ್ಲಿ ತಣಿಯುವಿಕೆಯ ವೇಗ ಮೇಲುಗಡೆ ಹೆಚ್ಚಿರುವುದಷ್ಟೇ ಅಲ್ಲ, 300 ಡಿಗ್ರಿಯ ಆಸುಪಾಸಿನಲ್ಲೂ ಬಹಳ ಹೆಚ್ಚಿರುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿ ಮಾರ್ಟೆನ್ಸೈಟ್ ಹುಟ್ಟತೊಡಗುವುದು ಸುಮಾರು ಅದೇ ಮಟ್ಟದಲ್ಲಿ, ಮತ್ತು ಆ ಬದಲಾವಣೆಯಾಗುವಾಗ ಉಕ್ಕು ಹಿಗ್ಗುತ್ತದೆ. ಪರಿಮಾಣದಲ್ಲಿ ಈ ಹಿಗ್ಗುವಿಕೆ ನೂರಕ್ಕೆ ನಾಲ್ಕರ ಹತ್ತಿರವಿರುತ್ತದೆ. ತೆಳು ಬಾಯಿ ಮೊದಲು ಹಿಗ್ಗಿ ಗಟ್ಟಿಯಾಗಿರುವಾಗ ದಪ್ಪ ಬೆನ್ನು ಆಮೇಲೆ ಹಿಗ್ಗಿದರೆ ಒಂದು ಇನ್ನೊಂದನ್ನು ಎಳೆಯುತ್ತದೆ, ಅಲಗು ಸೀಳುತ್ತದೆ. ಎಣ್ಣೆಯ ಗುಣ ಇದಕ್ಕೆ ವಿರುದ್ಧ: ಅದರ ಅತಿ ಹೆಚ್ಚಿನ ವೇಗ 500-600 ಡಿಗ್ರಿಯ ಸುಮಾರಿಗೆ ಬರುತ್ತದೆ, 300 ಡಿಗ್ರಿಗೆ ಬರುವಷ್ಟರಲ್ಲಿ ಅದು ಮೂರನೆಯ ಹಂತದ ನಿಧಾನಕ್ಕೆ ಇಳಿದಿರುತ್ತದೆ. ಬೇಗ ದಾಟಬೇಕಾದಲ್ಲಿ ಬೇಗ, ತಾಳ್ಮೆ ಬೇಕಾದಲ್ಲಿ ನಿಧಾನ. 'ಈ ಎಣ್ಣೆ ಎಷ್ಟು ಬೇಗ ತಣಿಸುತ್ತದೆ' ಎಂದು ಕೇಳುವವರಿಗೆಲ್ಲ ನಾನು 'ಯಾವ ಉಷ್ಣತೆಯಲ್ಲಿ' ಎಂದು ಮರುಪ್ರಶ್ನೆ ಹಾಕುವುದು ಇದೇ ಕಾರಣಕ್ಕೆ.

ಆಲೂರಿನ ಡಿಪ್ಲೊಮಾ ವಿದ್ಯಾರ್ಥಿನಿ:

ಸರ್, ಉಕ್ಕು ತಣಿಯುವಾಗ ಆಯಾ ಉಷ್ಣತೆಯಲ್ಲಿನ ವೇಗವನ್ನು ಅಳೆಯುವುದು ಹೇಗೆ? ಉಕ್ಕಿನ ತುಂಡಿನೊಳಗೇ ಅಳತೆ ಮಾಡುತ್ತಾರೆಯೇ?

ಹೀಟ್ ಟ್ರೀಟ್‌ಮೆಂಟ್ ಶಾಪಿನವರು, ಹಾಸನ ಕೈಗಾರಿಕಾ ಪ್ರದೇಶ:

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಎಣ್ಣೆ ಪೂರೈಸುವವರು ಕೊಡುವ ವರದಿಗಳನ್ನು ನೋಡುವುದು ನನ್ನ ಕೆಲಸದ ಭಾಗ. ಐಎಸ್‌ಒ 9950 ಎಂಬ ಮಾನಕದ ಪ್ರಕಾರ 12.5 ಮಿಲಿಮೀಟರ್ ವ್ಯಾಸದ, 60 ಮಿಲಿಮೀಟರ್ ಉದ್ದದ ಇಂಕೊನೆಲ್ 600 ಎಂಬ ನಿಕ್ಕಲ್ ಮಿಶ್ರಲೋಹದ ಸರಳಿನ ನಡುಮಧ್ಯದಲ್ಲಿ ಉಷ್ಣತೆ ಅಳೆಯುವ ಥರ್ಮೊಕಪಲ್ ತಂತಿ ಕೂರಿಸಿ, ಅದನ್ನು 850 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಬಿಡುತ್ತಾರೆ. ಉಕ್ಕಿನ ಬದಲು ಇಂಕೊನೆಲ್ ಏಕೆಂದರೆ, ತಣಿಯುವಾಗ ಅದರ ಒಳರಚನೆ ಬದಲಾಗುವುದಿಲ್ಲ, ಹಾಗಾಗಿ ಕಾಣುವ ವೇಗವೆಲ್ಲ ಎಣ್ಣೆಯದೇ ಆಗಿರುತ್ತದೆ, ಅಲ್ಲದೆ ಅದಕ್ಕೆ ಕಿಟ್ಟವೂ ಬೇಗ ಹಿಡಿಯುವುದಿಲ್ಲ. ಈ ಸರಳಿನಲ್ಲಿ ಹದದ ಎಣ್ಣೆಗಳು ಸಾಮಾನ್ಯವಾಗಿ ತಮ್ಮ ಶಿಖರದಲ್ಲಿ ಸೆಕೆಂಡಿಗೆ 50ರಿಂದ 100 ಡಿಗ್ರಿ ತಣಿಸುತ್ತವೆ. ಆದರೆ ಶಿಖರದ ಅಂಕಿಗಿಂತ ನಾನು ಮೊದಲು ನೋಡುವುದು ಹೊದಿಕೆ ಹರಿದ ಕ್ಷಣವನ್ನು. ಸರಳಿನ ಉಷ್ಣತೆ ಇಳಿಯುವುದನ್ನು ತೋರಿಸುವ ವಕ್ರರೇಖೆ ಅಲ್ಲಿ ಥಟ್ಟನೆ ತಿರುಗುತ್ತದೆ. ವೇಗದ ಎಣ್ಣೆಗಳಿಗೆ ಬೆರೆಸುವ ಸಂಯೋಜಕಗಳ ಮುಖ್ಯ ಕೆಲಸವೂ ಹೊದಿಕೆಯನ್ನು ಬೇಗ ಹರಿಯುವುದೇ ಆಗಿದೆ. ಎಂಜಿನ್ ಆಯಿಲ್ಲಿನಲ್ಲಿ ಇರುವ ಸಂಯೋಜಕಗಳು ಎಂಜಿನ್ನಿನ ಮಸಿ, ಸವೆತಗಳಿಗಾಗಿ ಹಾಕಿದವು, ಹದಕ್ಕಾಗಿ ಹಾಕಿದವಲ್ಲ.

ಅರೇಹಳ್ಳಿಯವರಿಗೆ ಒಂದು ಮಾತು: ಹಳೆಯ ಎಂಜಿನ್ ಆಯಿಲ್ ಅನ್ನು ದಯವಿಟ್ಟು ಇಂದೇ ಬಿಡಿ. ಅದರಲ್ಲಿ ಸವೆದ ಲೋಹದ ಕಣಗಳೂ, ಅರೆಬೆಂದ ಇಂಧನದಿಂದ ಬಂದ ಕ್ಯಾನ್ಸರ್‌ಕಾರಕ ಪದಾರ್ಥಗಳೂ ಇರುತ್ತವೆ, ಪ್ರತಿ ಕತ್ತಿಯ ಹೊಗೆಯೊಂದಿಗೆ ಅವು ನಿಮ್ಮ ಎದೆಯೊಳಕ್ಕೆ ಹೋಗುತ್ತವೆ.

ಅರೇಹಳ್ಳಿ ಕುಲುಮೆ:

ಅಣ್ಣಾ, ಅದನ್ನು ಬಿಡುತ್ತೇನೆ. ಎಣ್ಣೆ ಮಂದವಾಗಿದ್ದರೆ ಸ್ವಲ್ಪ ಡೀಸೆಲ್ ಬೆರೆಸಿ ತೆಳುವಾಗಿಸು ಎಂದು ಪಕ್ಕದ ಊರಿನವರೊಬ್ಬರು ಹೇಳಿದ್ದರು. ಬೇರೆ ಎಣ್ಣೆಗಾದರೂ ಹಾಗೆ ಮಾಡಬಹುದೇ?

ಹೀಟ್ ಟ್ರೀಟ್‌ಮೆಂಟ್ ಶಾಪಿನವರು, ಹಾಸನ ಕೈಗಾರಿಕಾ ಪ್ರದೇಶ:

ಖಂಡಿತ ಬೇಡ, ತಮ್ಮಾ. ಡೀಸೆಲ್, ಸೀಮೆಎಣ್ಣೆಗಳ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಮಟ್ಟ ಬಹಳ ಕೆಳಗಿದೆ. ಒಂದೆರಡು ಲೋಟ ಬೆರೆತರೂ ಇಡೀ ಬಕೆಟ್ಟಿನ ಎಣ್ಣೆ ಅಪಾಯಕಾರಿಯಾಗುತ್ತದೆ. ತೆಳುವಾಗಿಸಲು ಇರುವ ಸರಿಯಾದ ದಾರಿ ಬಿಸಿ ಮಾಡುವುದು. ಎಣ್ಣೆಯನ್ನು 50-60 ಡಿಗ್ರಿಗೆ ತಂದರೆ ಅದು ತೆಳುವಾಗಿ ಅಲಗಿನ ಸುತ್ತ ಸರಾಗವಾಗಿ ಹರಿಯುತ್ತದೆ, ತಣ್ಣನೆಯ ಎಣ್ಣೆಗಿಂತ ಚೆನ್ನಾಗಿ ತಣಿಸುತ್ತದೆ. ಬಿಸಿ ಎಣ್ಣೆ ನಿಧಾನವಾಗಿ ತಣಿಸುತ್ತದೆ ಎಂದು ಹೊಸಬರೆಲ್ಲ ಅಂದುಕೊಳ್ಳುತ್ತಾರೆ, ನೀರಿನ ವಿಷಯದಲ್ಲಿ ಅದು ನಿಜವೂ ಹೌದು. ಬಿಸಿ ನೀರಿನಲ್ಲಿ ಹೊದಿಕೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಎಣ್ಣೆಯ ಲೆಕ್ಕ ಬೇರೆ.

ನೀರಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಎಣ್ಣೆಯ ತಳದಲ್ಲಿ ಒಂದು ಚಮಚ ನೀರು ಕೂತಿದ್ದು ಕಾದ ಉಕ್ಕು ಅದನ್ನು ತಾಗಿದರೆ, ಆ ನೀರು ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ ಎಣ್ಣೆಯನ್ನೆಲ್ಲ ಹೊರಕ್ಕೆ ಚಿಮ್ಮಿಸುತ್ತದೆ, ಹೊತ್ತಿಕೊಂಡ ಎಣ್ಣೆ ಮೈಮೇಲೆ ಬೀಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳವಿಲ್ಲದ ಬಕೆಟ್ ಇಡಲೇಬಾರದು. ಅನುಮಾನ ಬಂದಾಗ ತಳದ ಎಣ್ಣೆಯನ್ನು ಒಂದೆರಡು ಹನಿ ತೆಗೆದು ಬಿಸಿ ಹಂಚಿನ ಮೇಲೆ ಹಾಕಿ ನೋಡಿ; ಚಟಪಟ ಸಿಡಿದರೆ ನೀರಿದೆ ಎಂದರ್ಥ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಎತ್ತರದ ಡಬ್ಬವಿರಲಿ. ಅಲಗನ್ನು ಅರ್ಧ ಅದ್ದಿ ನಿಲ್ಲಿಸಬೇಡಿ, ಎಣ್ಣೆಯ ಮೇಲ್ಮೈಗೆ ತಾಗಿ ನಿಂತ ಕೆಂಪು ಉಕ್ಕೇ ಬೆಂಕಿ ಹಚ್ಚುವುದು. ಹೊತ್ತಿಕೊಂಡರೆ ಮುಚ್ಚಳ ಹಾಕಿ ಉಸಿರುಗಟ್ಟಿಸಿ, ನೀರು ಸುರಿಯಬೇಡಿ.

ಮೂಡಿಗೆರೆಯ ಬೆಳೆಗಾರ:

ನಾನು ಕತ್ತಿ ಮಾಡುವವನಲ್ಲ, ಬಳಸುವವನು. ನಮ್ಮ ಬೇಲಿಯ ಸಾಲಿನಲ್ಲಿ ಹೊಂಗೆ ಮರಗಳಿವೆ, ಬೀಜ ಆಯ್ದು ಗಾಣದಲ್ಲಿ ಎಣ್ಣೆ ತೆಗೆಸುತ್ತೇವೆ. ಹಾಸನದ ಬಳಿಯ ಮಡೇನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆಯಿಂದ ಡೀಸೆಲ್ ಮಾಡುವುದನ್ನು ನೋಡಿ ಬಂದಿದ್ದೇನೆ. ತಿನ್ನಲು ಬಾರದ ಈ ಎಣ್ಣೆಯನ್ನು ಹದಕ್ಕೆ ಬಳಸಬಹುದೇ? ತೆಂಗಿನೆಣ್ಣೆ, ಹರಳೆಣ್ಣೆಗಳ ಬಗ್ಗೆಯೂ ತಿಳಿಸಿ.

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ಬಹಳ ಒಳ್ಳೆಯ ಪ್ರಶ್ನೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸಸ್ಯಜನ್ಯ ಎಣ್ಣೆಗಳು ಕಾದ ಲೋಹವನ್ನು ಹೇಗೆ ತಣಿಸುತ್ತವೆ, ಅದರ ಮೈಯನ್ನು ಹೇಗೆ ತೋಯಿಸುತ್ತವೆ ಎಂಬುದರ ಮೇಲೆ ಸಂಶೋಧನೆ ನಡೆದಿದೆ.

ಖನಿಜ ತೈಲಕ್ಕೂ ಬೀಜದ ಎಣ್ಣೆಗೂ ಮೂಲದಲ್ಲೇ ಭೇದವಿದೆ. ಖನಿಜ ತೈಲ ಹೈಡ್ರೋಕಾರ್ಬನ್ನುಗಳ ಮಿಶ್ರಣ; ಕಾದ ಉಕ್ಕು ತಾಗಿದಾಗ ಅದರ ಹಗುರ ಭಾಗಗಳು ಸುಲಭವಾಗಿ ಆವಿಯಾಗಿ ಹೊದಿಕೆ ಕಟ್ಟುತ್ತವೆ. ಬೀಜದ ಎಣ್ಣೆ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳು ಸೇರಿ ಆದ ಭಾರವಾದ ಅಣುಗಳದು. ಸಾಮಾನ್ಯ ಒತ್ತಡದಲ್ಲಿ ಅದು ನೀರಿನಂತೆ ಕುದಿದು ಆವಿಯಾಗುವುದಿಲ್ಲ, ಅದಕ್ಕೂ ಮೊದಲೇ ವಿಘಟನೆಯಾಗುತ್ತದೆ. ಹಾಗಾಗಿ ಹೊದಿಕೆಯ ಹಂತ ಅತಿ ಚಿಕ್ಕದು, ಹಲವು ಎಣ್ಣೆಗಳಲ್ಲಿ ಇಲ್ಲವೆಂದೇ ಹೇಳಬಹುದು. ಎಣ್ಣೆ ಇಡೀ ಅಲಗನ್ನು ಬಹುತೇಕ ಒಂದೇ ಸಲಕ್ಕೆ ತಾಗುವುದರಿಂದ ತಣಿಯುವಿಕೆಯ ವೇಗ ಮೇಲಿನ ಉಷ್ಣತೆಯಲ್ಲೇ ಹೆಚ್ಚುತ್ತದೆ, ಕಲೆ ಬೀಳುವುದೂ ಅಲಗು ಬಾಗುವುದೂ ಕಡಿಮೆಯಾಗುತ್ತದೆ. ಅರೇಹಳ್ಳಿಯವರ ತೊಂದರೆಗೆ ಇದು ಸರಿಯಾದ ಮದ್ದು ಎಂದೇ ನನ್ನ ನಂಬಿಕೆ. ಹೊಂಗೆ ಎಣ್ಣೆ ಹೊತ್ತಿಕೊಳ್ಳುವ ಮಟ್ಟವೂ 200 ಡಿಗ್ರಿಗಿಂತ ಮೇಲಿದೆ.

ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಿಮ್ಮ ಮೂಡಿಗೆರೆಯ ಮುಂಜಾನೆಗೆ ಅದು ಒಗ್ಗದು, ಬೆಲೆಯೂ ಹೆಚ್ಚು. ಹರಳೆಣ್ಣೆ ಹೊಂಗೆಗಿಂತ ಹಲವು ಪಟ್ಟು ಮಂದ. ಕಡಲೆಕಾಯಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅಡುಗೆಮನೆಗೆ ಹೋಗಬೇಕಾದ ಎಣ್ಣೆಯನ್ನು ಕುಲುಮೆಯಲ್ಲಿ ಸುಡಲು ನನಗೆ ಮನಸ್ಸು ಬಾರದು.

ಹೀಟ್ ಟ್ರೀಟ್‌ಮೆಂಟ್ ಶಾಪಿನವರು, ಹಾಸನ ಕೈಗಾರಿಕಾ ಪ್ರದೇಶ:

ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕು. ಬೀಜದ ಎಣ್ಣೆ ಹೊಸದಿದ್ದಾಗ ಚೆನ್ನ. ಅದು ಬೇಗ ಹಳಸುತ್ತದೆ. ಬಿಸಿಗೂ ಗಾಳಿಗೂ ಮತ್ತೆ ಮತ್ತೆ ಒಡ್ಡಿಕೊಂಡು ಆಮ್ಲಜನಕವನ್ನು ಹೀರಿ, ಮಂದವಾಗಿ, ಕೊನೆಗೆ ಅಂಟಿನಂತಾಗುತ್ತದೆ. ಆಗ ಅದರ ತಣಿಸುವ ಗುಣವೇ ಬದಲಾಗುತ್ತದೆ. ದಿನಕ್ಕೆ ನೂರಾರು ಕಿಲೋ ಉಕ್ಕು ಅದ್ದುವ ನಮ್ಮಂಥವರು ಖನಿಜ ತೈಲವನ್ನು ಬಿಡದಿರುವುದು ಈ ಕಾರಣಕ್ಕಾಗಿ. ವಾರಕ್ಕೆ ಹತ್ತು ಕತ್ತಿ ಮಾಡುವವರಿಗೆ ಇದು ದೊಡ್ಡ ಅಡ್ಡಿಯಲ್ಲ. ಕೆಲಸ ಮುಗಿದು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಕಿಟ್ಟ ತೆಗೆಯಿರಿ, ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡಿ, ಎಳೆಯೆಳೆಯಾಗಿ ಅಂಟತೊಡಗಿದಾಗ ಬದಲಿಸಿ.

ಆಲೂರಿನ ಡಿಪ್ಲೊಮಾ ವಿದ್ಯಾರ್ಥಿನಿ:

ಎಣ್ಣೆ ಎಷ್ಟು ಬೇಕೆಂದು ಲೆಕ್ಕ ಹಾಕಿ ನೋಡಿದೆ, ತಪ್ಪಿದ್ದರೆ ತಿದ್ದಿ. ಒಂದು ಕಿಲೋ ಉಕ್ಕು 850ರಿಂದ 60 ಡಿಗ್ರಿಗೆ ಇಳಿಯುವಾಗ ಸುಮಾರು 5 ಲಕ್ಷ ಜೌಲ್ ಶಾಖ ಬಿಡುತ್ತದೆ. ಎಂಟು ಲೀಟರ್ ಎಣ್ಣೆ ಏಳು ಕಿಲೋ ಮೇಲೆ ತೂಗುತ್ತದೆ, ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 14,000 ಜೌಲ್ ಬೇಕು. ಹಾಗಾದರೆ ಎಣ್ಣೆ 35 ಡಿಗ್ರಿಯಷ್ಟು ಏರುತ್ತದೆ. ಮುಕ್ಕಾಲು ಕಿಲೋ ತೂಗುವ ಕತ್ತಿಗಳನ್ನು ಆರು ಲೀಟರ್ ಎಣ್ಣೆಗೆ ಒಂದರ ಹಿಂದೊಂದು ನಾಲ್ಕು ಅದ್ದಿದರೆ, ನಡುವೆ ಆರಲು ಬಿಡದಿದ್ದರೆ, ಐವತ್ತರಿಂದ ಶುರುವಾದ ಎಣ್ಣೆ 200 ಡಿಗ್ರಿಯ ಹತ್ತಿರಕ್ಕೆ ಹೋಗಿಬಿಡುತ್ತದೆ.

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ಲೆಕ್ಕ ಸರಿಯಾಗಿದೆ, ಮಗಳೇ. ಕಿಲೋಗೆ ಎಂಟು ಲೀಟರ್ ಎಂಬುದು ಕುಲುಮೆಯವರೂ ಒಪ್ಪುವ ಅಳತೆ. ಅರೇಹಳ್ಳಿಯವರು ಇಪ್ಪತ್ತು ಲೀಟರಿಗಾದರೂ ಹೋಗಬೇಕು, ಪ್ರತಿ ಕತ್ತಿಯ ನಂತರ ಉಷ್ಣತೆ ನೋಡಬೇಕು.

ಅಲುಗಾಡಿಸುವ ಬಗ್ಗೆ ಹೇಳುವುದು ಉಳಿದಿದೆ. ಅಲಗನ್ನು ಎಣ್ಣೆಯೊಳಗೇ ಮೇಲೆ ಕೆಳಗೆ, ಇಲ್ಲವೇ ಬಾಯಿ ಮುಂದಾಗಿ ಕತ್ತರಿಸುವ ದಿಕ್ಕಿನಲ್ಲಿ ಆಡಿಸಿ. ಹೊದಿಕೆ ಬೇಗ ಹರಿಯುತ್ತದೆ. ಅಗಲದ ಮೈ ಮುಂದಾಗುವಂತೆ ಎಡಬಲಕ್ಕೆ ಬೀಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಬಾಗುತ್ತದೆ. ನಿಮ್ಮ ಅಲಗು ಬಾಗುವ ಭಯ ಈ ತಪ್ಪು ಚಲನೆಯಿಂದ ಬಂದಿರಬೇಕು.

ಕಡೂರಿನ ಕಮ್ಮಾರರು:

ಹದ ಇಳಿಸುವುದನ್ನು ಯಾರೂ ಹೇಳಲಿಲ್ಲ. ಎಣ್ಣೆಯಿಂದ ತೆಗೆದ ಕತ್ತಿ ಗಾಜಿನಂತೆ ಇರುತ್ತದೆ, ರಾತ್ರಿಯೆಲ್ಲ ಹಾಗೇ ಬಿಟ್ಟರೆ ಬೆಳಿಗ್ಗೆ ಸೀಳಿರುವುದನ್ನು ನಾನು ಕಂಡಿದ್ದೇನೆ. ಕೈಯಲ್ಲಿ ಹಿಡಿಯುವಷ್ಟು ಆರಿದ ಕೂಡಲೇ ಉಜ್ಜಿ ಹೊಳಪು ತಂದು, ಬೆನ್ನಿನ ಕಡೆಯಿಂದ ಕಾವು ಕೊಡು. ಬೆನ್ನು ನೀಲಿಗೆ ತಿರುಗಲಿ, ಬಾಯಿ ಕಂದು ಬಣ್ಣದಲ್ಲೇ ನಿಲ್ಲಲಿ. ಇನ್ನೂ ಒಂದು ಮಾತು ಮಗಾ: ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಲಾರಿಯ ಭಾರ ಹೊತ್ತು ದಣಿದ ಕಬ್ಬಿಣ ಅದು. ನಟ್ಟಿನ ತೂತಿನ ಹತ್ತಿರದ ತುಂಡನ್ನು ಅಲಗಿಗೆ ಬಳಸಬೇಡ.

ಅರೇಹಳ್ಳಿ ಕುಲುಮೆ:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಮೂಡಿಗೆರೆಯ ಅಣ್ಣನವರು ಇಪ್ಪತ್ತು ಲೀಟರ್ ಹೊಂಗೆ ಎಣ್ಣೆ ಕಳುಹಿಸಿಕೊಟ್ಟರು. ಎತ್ತರದ ಕಬ್ಬಿಣದ ಡಬ್ಬಕ್ಕೆ ಮುಚ್ಚಳ ಮಾಡಿಸಿದೆ. ಕಾದ ಕಬ್ಬಿಣದ ತುಂಡೊಂದನ್ನು ಮೊದಲು ಎಣ್ಣೆಗೆ ಬಿಟ್ಟು ಕಲಕಿ, ಥರ್ಮಾಮೀಟರ್ 55 ತೋರಿಸಿದ ಮೇಲೆ ಕೆಲಸ ಶುರುಮಾಡಿದೆ. ಅಲಗಿಗೆ ಅಯಸ್ಕಾಂತ ಅಂಟದಂತಾದ ಮೇಲೂ ಸ್ವಲ್ಪ ಕಾವು ಏರಿಸಿ, ಒಂದೇ ಏಟಿಗೆ ಪೂರ್ತಿ ಇಳಿಸಿ, ಬಾಯಿ ಮುಂದಾಗಿ ಆಡಿಸಿದೆ. ಹಿಂದೆ ಎಂಜಿನ್ ಆಯಿಲ್ಲಿನಲ್ಲಿ ಮೊದಲು ಸದ್ದಿಲ್ಲದೆ ಇದ್ದು ಆಮೇಲೆ ಗುಡುಗುಟ್ಟುತ್ತಿತ್ತು; ಈಗ ಇಳಿಸಿದ ಕ್ಷಣದಿಂದಲೇ ಕೈಗೆ ನಡುಕ ಸಿಗುತ್ತದೆ. ಏಳು ಕತ್ತಿಗಳಲ್ಲಿ ಆರಕ್ಕೆ ತುದಿಯಿಂದ ಹಿಡಿಯವರೆಗೆ ಅರ ಜಾರಿತು. ಏಳನೆಯದು ಇಡೀ ಅಲಗೇ ಮೆತ್ತಗಿದೆ, ಕಲೆಗಳಿಲ್ಲ.

ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಸನ:

ನೀವು ಕೇಳಿದ ಆ ಸದ್ದಿಲ್ಲದ ಹೊತ್ತೇ ಆವಿಯ ಹೊದಿಕೆ. ಏಳನೆಯದು ಬೇರೆ ಲಾರಿಯ ಪಟ್ಟಿಯೇ? ಎಲ್ಲ ಪಟ್ಟಿಯೂ ಕ್ರೋಮಿಯಂ ಉಕ್ಕಲ್ಲ, ಸಿಲಿಕಾನ್-ಮ್ಯಾಂಗನೀಸ್ ಉಕ್ಕೂ ಬಳಕೆಯಲ್ಲಿದೆ, ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಕಾವು ಬೇಕು. ಅದನ್ನೇ ಮತ್ತೆ ಕಾಯಿಸಿ, ಬಣ್ಣ ಒಂದು ಛಾಯೆ ತಿಳಿಯಾದ ಮೇಲೆ ಎಣ್ಣೆಗೆ ಬಿಟ್ಟು ನೋಡಿ.

ಅರೇಹಳ್ಳಿ ಕುಲುಮೆ:

ಹೌದು ಸರ್, ಅದು ಬೇರೆ ಗುಜರಿಯಿಂದ ತಂದ ಪಟ್ಟಿ. ನೀವು ಹೇಳಿದಂತೆ ಇವತ್ತು ಬೆಳಗಿನ ಜಾವ ಮತ್ತೆ ಕಾಯಿಸಿ ಬಿಟ್ಟೆ, ಅರ ಜಾರಿತು. ಇನ್ನು ಮುಂದೆ ಪ್ರತಿ ಪಟ್ಟಿಯಿಂದಲೂ ಮೊದಲು ಒಂದು ಸಣ್ಣ ತುಂಡು ಕತ್ತರಿಸಿ, ಅದನ್ನು ಹದಕ್ಕೆ ಬಿಟ್ಟು, ಸುತ್ತಿಗೆಯಿಂದ ಮುರಿದು ಒಳಗಿನ ಹರಳು ನೋಡಿದ ಮೇಲೆಯೇ ಅಲಗು ಬಡಿಯುತ್ತೇನೆ.